ಉಲಿತ್

ಮುರಗಾಂವ ಬಂದರದಾಗ ಮೂರು ದಿನ
ಫಿಲಿಪೀನ್ಸಿನ ಹೀರೋ ಬದ್ಲಿ ನಾ ಬಿದ್ದೀನಿ.
ಅದಽ ಹಳದಿ ಅಂಗಿ, ಅದಽ ಗುಂಗುರು ಕೂದಲ.
ಮಾರಿ ಮಾತ್ರ ತೋರಸಬ್ಯಾಡ ಅಂದ್ರು.

ಗೋದಾಮಿನ ತಗಡಿನ ಮ್ಯಾಲಿಂದ
ಖಾಲಿ ರಟ್ಟಿನ ಡಬ್ಬಿ ಗುಡ್ಡಕ್ಕ
ಬೆನ್ನು ಕೊಟ್ಟು ಬೀಳೂದು.
ಬಿದ್ದ ಕೂಡಲೆ ಸ್ಟಂಟ್ ಮಾಸ್ತರ ದೀಂದೋ ಒದರತಿದ್ದ:
‘ಉಲಿತ್!’
ನನಗ ಕೇಳಿಸಿದ್ದು, ಉಳೀತು.
ಹೌದಲ್ಲ, ಜೀವ ಉಳೀತು ಅಂತ
ಮೈ ಝಾಡಿಸಿ ಏಣಿ ಹತ್ತತಿದ್ದೆ.
ಅವನಿಗೂ ಅದಽ ಬೇಕಿತ್ತು.

ಎರಡನೇ ದಿನ ಮೇಕಪ್ಪಿನ ಲಿಗಾಯಾ
ಮೊಣಕೈಗೆ ಮುಲಾಮು ಸವರಿ
ಗಾಳ್ಯಾಗ ಬಳ್ಳು ಗರಗರ ತಿರುವಿ ತೋರಿಸಿದಳು:
ಉಲಿತ್ ಅಂದ್ರ, ಇನ್ನೊಮ್ಮೆ.

ಅವತ್ತಿನಿಂದ ಏಣಿ ಉದ್ದ ಆತು.

ಕಡೀ ಸಲ ಯಾರೂ ಒದರಲಿಲ್ಲ.
ರಟ್ಟಿನೊಳಗ ಮಕ್ಕೊಂಡು ಕಾಯ್ದೆ.
ಯಾರೋ ರೆಟ್ಟಿ ಹಿಡಿದು ಬಾಜೂಕ ಸರಿಸಿದ್ರು.
ನಾ ಬಿದ್ದ ಜಾಗಾದಾಗ ಹೀರೋ ಬಂದು ಮಲಗಿದ,
ಗಲ್ಲಕ್ಕ ಧೂಳ ಹಚ್ಚಿಸಿಕೊಂಡ,
ನರಳಿದ,
ಎದ್ದ.
ಎಲ್ಲಾರೂ ಚಪ್ಪಾಳಿ ಹೊಡದ್ರು. ನಾನೂ ಹೊಡದೆ,
ಖರೇನಽ ಚಂದ ನರಳಿದ್ದ.

ರಾತ್ರಿ ಬೈನಾದ ಲೈಟಿನ ಕಂಬದ ಕೆಳಗ
ದೀಂದೋ ಪಗಾರ ಎಣಿಸಿಕೊಟ್ಟ.
ಒಂದು ನೋಟು ಕಮ್ಮಿ.
ಕೈ ಚಾಚಿದ್ದು ಚಾಚಿದಂಗ ಇಟ್ಟು
‘ಉಲಿತ್’ ಅಂದೆ.
ಅಂವ ನಗಲಿಲ್ಲ.
ಬಳ್ಳಿಗೆ ಉಗುಳು ಹಚ್ಚಿ
ಮತ್ತ ಮೊದಲಿಂದ ಸುರು ಮಾಡಿದ.