ಕೊಸರು

ಫಾರಂ ಒಂದಕ್ಕೆ ಹದಿನೆಂಟು ರೂಪಾಯಿ.
ಬಸ್ ಚಾರ್ಜು ನಮ್ಮದೇ.
ಹದಿಮೂರು ದಾಟಿದವರು, ಇಪ್ಪತ್ತು ಮುಟ್ಟದವರು,
ದಾವಣಗೆರೆಯ ಓಣಿ ಓಣಿ ಅಲೆದು ಕೇಳಬೇಕು
ದಿನಕ್ಕೆ ಎಷ್ಟು ಹೊತ್ತು ಅದರಲ್ಲಿ ಇರುತ್ತೀರಿ?
ವಾಟ್ಸಾಪಿಗೊಂದು ಮನೆ, ಇನ್‌ಸ್ಟಾಗ್ರಾಮಿಗೊಂದು ಮನೆ,
ಇತರೆ ಎಂಬುದಕ್ಕೆ ಅರ್ಧ ಮನೆ.
ಮನೆಯೆಂದರೆ ಚೌಕ, ಕಾಗದದ ಮೇಲಿನದು,
ಎರಡು ಅಂಕಿ ಹಿಡಿಯುವಷ್ಟು ಜಾಗ.

ವಿದ್ಯಾನಗರದ ಮೊದಲ ಬಾಗಿಲಲ್ಲಿ
ಹುಡುಗ ಹೇಳಿದ, ಅರ್ಧ ಗಂಟೆ.
ಒಗ್ಗರಣೆಯ ಘಾಟಿನಾಚೆಯಿಂದ ತಾಯಿ ಹೇಳಿದರು, ಹನ್ನೆರಡು.
ಕೂಡಿಸಿ ಎರಡರಿಂದ ಭಾಗಿಸಿದರೆ ಆರೂಕಾಲು.
ಆ ಆರೂಕಾಲು ಗಂಟೆ
ಆ ಮನೆಯಲ್ಲಿ ಯಾರೂ ಬದುಕಿದ್ದಲ್ಲ.

ಕೊಟ್ರೇಶ ಫೋನನ್ನೇ ಮುಖಕ್ಕೆ ಹಿಡಿದ:
"ಅದಾ ಹೇಳ್ತೈತಿ ನೋಡ್ರಿ, ನನ್ನ ಯಾಕ್ ಕೇಳ್ತೀರಿ?"
ನೀಲಿ ಕಂಬಗಳು. ಸೋಮವಾರ ಗಿಡ್ಡ, ಭಾನುವಾರ ತಾಳೆಮರ.
ಮಂಗಳವಾರ ಬರೀ ನೆಲ.
"ಅವತ್ತು ಅಪ್ಪ ಕಸ್ಕೊಂಡಿದ್ರು."
ಸೊನ್ನೆ ಬರೆದೆ.

ಮಧ್ಯಾಹ್ನಕ್ಕೆ ಮಂಡಕ್ಕಿ ಭಟ್ಟಿಗಳ ಸಾಲು.
ಹೊಗೆಗೆ ಎಲ್ಲರ ಹುಬ್ಬೂ ಒಂದೇ ಬಣ್ಣ.
ಕಾದ ಮರಳಿಗೆ ಅಕ್ಕಿ ಬಿದ್ದು
ಕಣ್ಣು ಮಿಟುಕಿಸುವುದರೊಳಗೆ ಹಗುರಾಗಿ, ಬೆಳ್ಳಗಾಗಿ.
ದಸ್ತಗೀರ್ ಸಾಬರು ಸೇರಿನಲ್ಲಿ ಅಳೆದು ಚೀಲಕ್ಕೆ ಸುರಿಯುತ್ತಿದ್ದರು.
"ಮಂಡಕ್ಕಿ ತೂಗಬಾರದ್ರೀ ಮೇಡಂ, ತೂಗಿದ್ರೆ ಏನೂ ಇಲ್ಲ.
ಅಳೀಬೇಕು. ಅಳೆದ್ರೆ ಚೀಲ ತುಂಬತೈತಿ."

ಮಗಳು ತಸ್ಮಿಯಾ. ಹದಿನಾರು. ಫಸ್ಟ್ ಪಿಯು ಕಾಮರ್ಸ್.
ಫೋನು ಅವಳೊಬ್ಬಳದಲ್ಲ.
ಹಗಲು ಅಣ್ಣನ ಲಗೇಜ್ ಆಟೋದಲ್ಲಿ ಊರು ಸುತ್ತುತ್ತದೆ,
ಸಂಜೆ ಅಮ್ಮಿಗೆ ಗಂಗಾವತಿಯ ತಂಗಿಯ ಜೊತೆ ಮುಗಿಯದ ಮಾತು,
ರಾತ್ರಿ ಒಂಬತ್ತೂವರೆಯಿಂದ ಹತ್ತು ಇವಳದು.
ಅದೂ ಚಾರ್ಜರಿನ ವೈರು ಗಿಡ್ಡ,
ಗೋಡೆಗೆ ಕಿವಿ ಕೊಟ್ಟವಳಂತೆ ನಿಂತೇ ನೋಡಬೇಕು.

ಮೂವತ್ತು ನಿಮಿಷ ಎಂದು ಬರೆದು ಎದ್ದೆ.
ಅವಳು ನನ್ನ ಪೆನ್ನಿನ ತುದಿ ನೋಡುತ್ತ
ಭಟ್ಟಿಯ ಸದ್ದಿನ ಅಡಿಯಲ್ಲಿ ದನಿ ಇಳಿಸಿ ಕೇಳಿದಳು:

"ನಿನ್ನೆ ಹತ್ತಕ್ಕೆ ಐದು ನಿಮಿಷ ಇದ್ದಾಗ
ಒಬ್ರಿಗೆ ಒಂದು ಮಾತು ಕಳಿಸ್ದೆ ಮೇಡಂ.
ಎರಡು ಗೀಟೂ ನೀಲಿ ಆದ್ವು.
ಆಮೇಲೆ ಫೋನು ಅಣ್ಣನ ದಿಂಬಿನ ಕೆಳಗೆ ಹೋಯ್ತು.
ರಾತ್ರಿ ಎಲ್ಲಾ ಕಾದೆ, ಅಕೌಂಟೆನ್ಸಿ ಪಿರಿಯಡ್ನಾಗೂ ಕಾದೆ,
ಈಗ ನಿಮ್ಮ ಜೊತೆ ಮಾತಾಡ್ತಾನೂ ಕಾಯ್ತಾನೇ ಇದೀನಿ.
ಬಂದ್ರೆ ಅಣ್ಣನ ಜೇಬಿಗೆ ಬರ್ತೈತಿ.
ಬರ್ಲಿ ಅಂತಾನೂ, ಬರಬಾರ್ದು ಅಂತಾನೂ.
ಇದನ್ನ ಯಾವ ಮನ್ಯಾಗೆ ಬರೀತೀರಿ?"

ಸೂಚನೆ ನಾಲ್ಕು: ಪರದೆ ಆರಿದ ನಂತರದ ಅವಧಿಯನ್ನು
ಪರಿಗಣಿಸತಕ್ಕದ್ದಲ್ಲ.

ಗೋಡೆಯ ಗಡಿಯಾರದಲ್ಲಿ ಎರಡೂ ಹತ್ತು.
ಫಾರಮ್ಮಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ:
ಹದಿನಾರು ಗಂಟೆ ಹದಿನೈದು ನಿಮಿಷ, ಇನ್ನೂ ನಡೆಯುತ್ತಿದೆ.
ಆಫೀಸಿನಲ್ಲಿ ರಬ್ಬರು ಇದೆ, ಗೊತ್ತು.

ಬೇಡವೆಂದರೂ ಸಾಬರು ಒಂದು ಸೇರು ಅಳೆದು ನನ್ನ ಚೀಲಕ್ಕೆ ಸುರಿದು,
ಮೇಲೆ ಬೊಗಸೆ ತುಂಬಿ ಹಾಕಿದರು.
"ಸೇರಿಂದು ರೊಕ್ಕ ಕೊಡ್ರಿ.
ಇದು ಕೊಸರು, ಇದಕ್ಕ ಲೆಕ್ಕ ಇಲ್ಲ."

ಓಣಿಯ ತಿರುವಿನಲ್ಲಿ ಲಗೇಜ್ ಆಟೋವೊಂದು ಎದುರಾಯಿತು.
ಕತ್ತಲು ಕಟ್ಟಿದ ಹೊಗೆಯೊಳಗೆ, ಹುಡುಗನ ತೆಳು ಅಂಗಿಯ ಜೇಬಿನಲ್ಲಿ
ಏನೋ ಬೆಳಗಿ, ಆರಿತು.
ಈ ಊರಿನ ತುಂಬ ಲಗೇಜ್ ಆಟೋಗಳು.
ಅವನೇ ಆಗಿರಬೇಕೆಂದೇನೂ ಇಲ್ಲ.