ಉಳಿದ ನಟ್ಟು

ಅರಸೀಕೆರೆಯಲ್ಲಿ ಮೂವತ್ತೊಂದು ವರ್ಷ
ರೈಲಿನ ಕೈಮರಗಳಿಗೆ ಎಣ್ಣೆ ಬಿಟ್ಟವಳು ನಾನು,
ಕಂಬವೆಂದರೆ ಹೆದರಿಕೆಯಿಲ್ಲ.
ಈ ಕಂಬ ಮಾತ್ರ ಬೇರೆ:
ಸೇರಿನೊಳಗೆ ಅಚ್ಚೇರು, ಅಚ್ಚೇರಿನೊಳಗೆ ಪಾವು.
ಕೂತರೆ ಇಪ್ಪತ್ತೆರಡಡಿ, ಎದ್ದರೆ ಐವತ್ತೈದು.

ದೊಡ್ಡ ಯಾಗಿ ಕೆಳಗೆ, ತಿರುಗಣಿಯ ಕುತ್ತಿಗೆಗೇ ಅಂಟಿಕೊಂಡು.
ಮೂರು ಕಡ್ಡಿ, ಒಂದೊಂದೂ ಮೂವತ್ತನಾಲ್ಕಡಿ,
ಎರಡು ಮನೆಯ ಆಕಾಶ ಬೇಕು ಅದಕ್ಕೆ.
ಆರಡಿ ಬಿಟ್ಟು ನಡುವಿನದು.
ತುದಿಯಲ್ಲಿ ಬಾಚಣಿಗೆಯಂಥ ಚಿಕ್ಕದು,
ಹಾಸನದ ಮಾತಿಗೆಂದೇ.
"ಹತ್ತಿರ ಕಟ್ಟಿದ್ರೆ ಒಂದರ ಕಿವೀಲಿ ಒಂದು ಗುನುಗ್ತವೆ ಅಕ್ಕಾ"
ಎಂದ ಹೊನ್ನೇಶ, ಟೇಪು ಹಲ್ಲಲ್ಲಿ ಕಚ್ಚಿ.
ಅಫ್ಸರ್ ತನ್ನ ಲೇತಿನಲ್ಲಿ ಕಡೆದ ಬೇರಿಂಗನ್ನು
ಲುಂಗಿಯ ಚುಂಗಿನಲ್ಲಿ ಒರೆಸಿ, ಮತ್ತೆ ಒರೆಸಿ,
ಕೊಡಲು ಮನಸ್ಸಿಲ್ಲದೆ ಕೊಟ್ಟ.

ವಿಂಚು ತಿರುಗಿಸಿದೆವು. ನೂರಾ ಹದಿನೆಂಟು ಸುತ್ತು.
ಎಪ್ಪತ್ತರಲ್ಲಿ ಮೂರನೆಯ ತುಂಡು ಸಿಕ್ಕಿಕೊಂಡಿತು.
ಗ್ರೀಸು. ಬೈಗುಳ. ಮತ್ತೆ ಗ್ರೀಸು.
ಎದ್ದಿತು ಕೊನೆಗೆ.
ಎಳನೀರಿನವನು ಗಾಡಿ ನಿಲ್ಲಿಸಿ ಕೇಳಿದ:
"ಇದ್ರಾಗೆ ಯಾವ ಚಾನೆಲ್ ಬತ್ತದೆ?"

ಈಶಾನ್ಯಕ್ಕೆ ತಿರುಗಿಸಿದೆ. ಮೂರೂ ಒಟ್ಟಿಗೆ ತಿರುಗಿದವು;
ಇರುವುದೊಂದೇ ಕುತ್ತಿಗೆ, ಜಗಳಕ್ಕೆ ಜಾಗವಿಲ್ಲ.
ಜಪಾನಿನ ಯಾವುದೋ ಮೀನುಪೇಟೆಯಿಂದ ಯಾರೋ
"ಐದು, ಒಂಬತ್ತು" ಎಂದರು,
ನನ್ನ ಹೆಸರನ್ನು ಅಗಿದು ಅಗಿದು ವಾಪಸು ಕೊಟ್ಟರು:
ರು, ದ್ರಾ, ಣಿ.
ಅಫ್ಸರ್ ಚಪ್ಪಾಳೆ ತಟ್ಟಿದ.

ಏಳೂವರೆಗೆ ನೈಋತ್ಯಕ್ಕೆ ತಿರುಗಿಸಿ ಕೂತೆ.
ಹಾಸನದ ಪಾರ್ಶ್ವನಾಥಯ್ಯ, ದಿನಾ ಇದೇ ಹೊತ್ತು,
ಸೂರ್ಯ ಮುಳುಗುವ ಮೊದಲೇ ಉಂಡು, ಆಮೇಲೆ ರೇಡಿಯೊ.
ಇವತ್ತು ಬರೀ ಕೊರಕೊರ.
ನಾಲ್ಕು ಸಾವಿರ ಮೈಲಿ ದಾಟಿ ಬಂದದ್ದು ಕೇಳಿಸಿತು,
ಇಪ್ಪತ್ತೈದು ಮೈಲಿಯದು ಇಲ್ಲ.
ಹೊನ್ನೇಶ ಟಾರ್ಚು ಬಿಟ್ಟು ನೋಡಿ ತಲೆ ಕೆರೆದುಕೊಂಡ.
ನಿಲ್ಲಿಸಬೇಕಾದ ಕಡ್ಡಿಗಳನ್ನು ಮಲಗಿಸಿ ಬಿಗಿದಿದ್ದೆವು.
ಅವರದು ನಿಂತ ಮಾತು, ನಮ್ಮದು ಮಲಗಿದ ಕಿವಿ.

ಕೈಮರವಾಗಿದ್ದರೆ ಕತ್ತಲಲ್ಲಿ ನಾನೇ ಹತ್ತಬೇಕಿತ್ತು.
ಇದು ಕರೆದರೆ ಇಳಿದು ಬರುತ್ತದೆ.
ಅದೊಂದಕ್ಕೇ ಸುರಿದದ್ದು
ನಿವೃತ್ತಿಯ ಇಡುಗಂಟಿನಲ್ಲಿ ಅರ್ಧ.
ನೂರಾ ಹದಿನೆಂಟು ಸುತ್ತು ಹಿಂದಕ್ಕೆ.
ಬೋಲ್ಟು ಸಡಿಲಿಸಿ, ಕಾಲು ಸುತ್ತು ಹೊರಳಿಸಿ, ಬಿಗಿದು
ಮತ್ತೆ ನೂರಾ ಹದಿನೆಂಟು.
ಅಫ್ಸರ್ ಈ ಸಲ ಎಣಿಸಲಿಲ್ಲ, ಬೆವರು ಎಣಿಸಿತು.

ಒಂಬತ್ತೂಕಾಲು. ಮಲಗಿರುತ್ತಾರೆ ಅಂದುಕೊಂಡೆ.
ಇನ್ನೂ ಕರೆಯುತ್ತಲೇ ಇದ್ದರು ಪಾರ್ಶ್ವನಾಥಯ್ಯ,
ನಿಧಾನವಾಗಿ, ಬೇಸರವಿಲ್ಲದೆ,
ಬಸ್ಸು ತಡವಾದಾಗ ನಿಲ್ದಾಣದಲ್ಲಿ ಕೂತವರ ದನಿಯಲ್ಲಿ.
"ಎಲ್ಲಿ ಹೋಗಿದ್ರಮ್ಮ?"
"ಕೆಳಗೆ ಬಂದಿದ್ದೆ ಸಾರ್" ಎಂದೆ.

ಮಲಗುವ ಮುಂಚೆ ಸೆರಗು ಕೊಡವಿದರೆ
ಟಣ್ಣೆಂದು ನೆಲಕ್ಕೆ ಬಿತ್ತು ಒಂದು ನಟ್ಟು.
ಸ್ಟೀಲಿನದು, ಹದಿಮೂರರ ಸ್ಪ್ಯಾನರಿಗೆ ಕೂರುವಂಥದು.
ಯಾವ ಯಾಗಿಯದ್ದೋ.
ಹಿರೇಕಲ್ಲು ಗುಡ್ಡದ ಕಡೆಯಿಂದ ಗಾಳಿ ಎದ್ದಿದೆ.
ದೀಪ ಆರಿಸಿ, ಕಿಟಕಿ ತೆರೆದು
ಮೂರನ್ನೂ ನೋಡುತ್ತ ಕೂತಿದ್ದೇನೆ.