ಬಾಲದ ಲೆಕ್ಕ

ಪರಮಾರಿಬೋದ ಹುಲ್ಲುಬಯಲು, ಭಾನುವಾರ, ಬೆಳಗಿನ ಏಳು.
ಎರಡು ಕೋಲು, ಎರಡು ಪಂಜರ, ನಡುವೆ ಕರಿಹಲಗೆ.
ಕೂಗಿಗೊಂದು ಗೀಟು ಎಳೆಯುವವನು ನಾನು.

ವೆನ್ಸ್ಲಿಯ ತ್ವಾತ್ವಾ ಮುಂದಿತ್ತು.
ನಲವತ್ತೊಂದು, ನಲವತ್ತೆರಡು,
ಅಷ್ಟರಲ್ಲಿ ಅವನೇ ಎದ್ದು ಬಂದು
ಪಂಜರ ಇಳಿಸಿಬಿಟ್ಟ.

ಜನ ನಕ್ಕರು. ಗೆಲ್ಲುವ ಹಕ್ಕಿಯನ್ನು ಯಾರಾದರೂ!
“ಗಂಟಲು ಬಿಡು, ಬಾಲ ನೋಡು” ಅಂದ ನನಗೆ.
ನೋಡಿದೆ.
ಒಂದೊಂದು ಉಸಿರಿಗೂ ಬಾಲ
ಏತದ ಮರದಂತೆ ಏಳುತ್ತಿತ್ತು, ಬೀಳುತ್ತಿತ್ತು,
ನೀರು ಮಾತ್ರ ಮೇಲೆ ಬಂದಂತಿರಲಿಲ್ಲ.

ಬಟ್ಟಲಲ್ಲಿ ಕಾಳು ಕೆದಕಿದ ಗುರುತು.
ವೆನ್ಸ್ಲಿ ಊದಿದ. ಹೊಟ್ಟು ಹಾರಲಿಲ್ಲ,
ಎಲ್ಲ ಇಡಿಕಾಳು.
ಎರಡು ದಿನದಿಂದ ತಿಂದಂತೆ ನಟನೆ,
ಅದೂ ಅವನ ಮುಂದೆಯೇ, ಅಡುಗೆಮನೆಯ ಕಿಟಕಿಯಲ್ಲಿ.

“ಸೋತದ್ದು ಕಂಡರೆ ಗಿಡುಗ ಅದನ್ನೇ ಆರಿಸುತ್ತೆ.
ಅದಕ್ಕೇ ಹಾಡ್ತಾನೆ, ಕಳ್ಳ.”
ಅಂಗಿ ಬಿಚ್ಚಿ ಪಂಜರಕ್ಕೆ ಹೊದಿಸಿದ,
ಬನಿಯನ್ನಿನಲ್ಲೇ ಸೈಕಲ್ ಹತ್ತಿದ.

ಬೀದಿ ತಿರುಗುವಾಗ
ಅಂಗಿಯೊಳಗಿಂದ ಮತ್ತೊಂದು ಕೂಗು,
ಎಷ್ಟು ಚೆಂದ ಅಂದರೆ
ಎದುರಾಳಿಯ ಹಕ್ಕಿಯೂ ಸುಮ್ಮನಾಯಿತು.

ಸೀಮೆಸುಣ್ಣ ಇನ್ನೂ ನನ್ನ ಕೈಯಲ್ಲಿತ್ತು.
ಇಷ್ಟು ವರ್ಷ ನಾನು ಎಳೆದ ಗೀಟುಗಳಲ್ಲಿ
ಹಾಡು ಎಷ್ಟು, ನರಳಿಕೆ ಎಷ್ಟು?
ಹಲಗೆಯನ್ನು ತೋಳಿನಿಂದ ಒರೆಸಿದೆ.